ಹಿಂದಿನ ಮನೆಯ ಭೋಗ್ಯ

ಬಾಡಿಗೆಗೆ ಇರುವವರಿಗೆ ಮನೆ ಓನರ್ ಬಗ್ಗೆ ಒಂದು ಗಟ್ಟಿಯಾದ ಕಲ್ಪನೆಯಿದೆ. ಓನರ್ ಎಂಬ ಪ್ರಾಣಿ ಜಗಲಿಯ ಮೇಲೆ ಕಾಲು ಚಾಚಿ ಕೂತಿರುತ್ತದೆ. ತಿಂಗಳ ಐದನೇ ತಾರೀಖು ಅದರ ಮಡಿಲಿಗೆ ನೋಟುಗಳು ತಾವಾಗಿ ಬಂದು ಬೀಳುತ್ತವೆ. ಉಳಿದ ದಿನಗಳಲ್ಲಿ ಅದು ನಲ್ಲಿ ನೀರನ್ನು ಯಾವಾಗ ಬಂದ್ ಮಾಡಲಿ ಎಂದು ಯೋಚಿಸುತ್ತಿರುತ್ತದೆ. ನಾನು ಹದಿನೆಂಟು ವರ್ಷ ಯಶವಂತಪುರದ ಒಂದು ವಠಾರದಲ್ಲಿ ಬೆಳೆದವಳು. ಹಾಗಾಗಿ ಈ ಕಲ್ಪನೆಯ ಪರವಾಗಿ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲೆ. ಆಮೇಲಿನ ಐದು ವರ್ಷ ಮತ್ತಿಕೆರೆಯಲ್ಲಿ ಓನರ್ ಮಗಳಾಗಿ ಕಳೆದಿದ್ದೇನೆ. ಹಾಗಾಗಿ ವಿರೋಧವಾಗಿಯೂ ಅಷ್ಟೇ ಹೊತ್ತು ಮಾತಾಡಬಲ್ಲೆ. ಇದರಲ್ಲಿ ನನ್ನ ತಪ್ಪಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಮಗೆ ಪರವೋ ವಿರೋಧವೋ ಎಂಬುದನ್ನು ಐದು ನಿಮಿಷ ಮೊದಲು ಹೇಳುತ್ತಿದ್ದರು. ಆ ಐದು ನಿಮಿಷದಲ್ಲಿ ಹುಟ್ಟಿದ ನಂಬಿಕೆಗಳಿಗೆ ನನಗೆ ಮೂರು ಷೀಲ್ಡು ಮತ್ತು ಲೆಕ್ಕವಿಲ್ಲದಷ್ಟು ಸ್ಟೀಲ್ ಲೋಟಗಳು ಬಂದಿವೆ. ನಮ್ಮ ಮನೆಗೆ ಬಂದವರಿಗೆಲ್ಲ ನಾವು ಕಾಫಿ ಕೊಡುವುದು ನನ್ನ ವಾದಗಳಲ್ಲಿಯೇ.

ಅಪ್ಪ ಗದಗಿನ ಕಡೆಯವನು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಸೊಸೈಟಿ ಸಾಲ, ಪಿ.ಎಫ್. ಸಾಲ, ಅವ್ವನ ಎರಡು ಬಳೆ ಇವೆಲ್ಲವನ್ನೂ ಕಲಸಿ ಮತ್ತಿಕೆರೆಯಲ್ಲಿ ಒಂದು ಮನೆ ಕಟ್ಟಿದ. ರಸ್ತೆಯ ಕಡೆ ನಮಗೆ ಎರಡು ಕೋಣೆ, ಒಂದು ಅಡುಗೆಮನೆ. ಅವ್ವ ಆ ಅಡುಗೆಮನೆಯ ಕಿಟಕಿಯ ಮುಂದೆ ನಿಂತು ಮೊದಲ ಮೂರು ದಿನ ಬರಿ ರಸ್ತೆ ನೋಡಿದಳು. ವಠಾರದಲ್ಲಿ ಹದಿನೆಂಟು ವರ್ಷ ಅವಳಿಗೆ ಕಿಟಕಿಯಲ್ಲಿ ಕಂಡದ್ದು ಎದುರು ಮನೆಯವರ ಬಚ್ಚಲ ಗೋಡೆ. ಇಷ್ಟಕ್ಕೇ ನಿಂತಿದ್ದರೆ ಕಥೆಯಿಲ್ಲ. ಅಪ್ಪ ಹಿಂದುಗಡೆ ಇನ್ನೊಂದು ಪುಟ್ಟ ಮನೆ ಕಟ್ಟಿದ, ಒಂದು ಕೋಣೆ, ಒಂದು ಅಡುಗೆಮನೆ. ಅದರ ಬಾಡಿಗೆಯಿಂದ ಸೊಸೈಟಿ ಕಂತು ತಾನೇ ತೀರಿಹೋಗುತ್ತದೆ ಎಂಬುದು ಅವನ ಸಿದ್ಧಾಂತ.

ನಾನು ಖಂಡಿಸಿದೆ. ಮನೆ ಖಾಲಿ ಬಿದ್ದ ತಿಂಗಳ ಬಾಡಿಗೆಯನ್ನು ಯಾರು ಕೊಡುತ್ತಾರೆ, ಸುಣ್ಣ ಬಣ್ಣ ಯಾರ ಖರ್ಚು, ಕಂದಾಯ ಏರಿದರೆ ಏನು, ಸಾಲದ ಬಡ್ಡಿಯನ್ನು ಬಾಡಿಗೆಯಿಂದ ಕಳೆದರೆ ಉಳಿಯುವುದೆಷ್ಟು ಎಂದು ಸಿಮೆಂಟ್ ಚೀಲದ ಮೇಲೆ ಕೂತು ಒಂದೊಂದಾಗಿ ಬಿಡಿಸಿಟ್ಟೆ. ಅಪ್ಪ ಪೂರ್ತಿ ಕೇಳಿದ. ಆಮೇಲೆ ಒಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟ. "ನೀ ಇಷ್ಟ ತಿಳದಾಕಿ ಇದ್ದಿ ಅಂದಮ್ಯಾಲ ಇನ್ನ ಮುಂದ ಇದನ್ನ ನೀನ ನೋಡ್ಕೋ ತಂಗಿ" ಅಂದ. ವಿರೋಧ ಪಕ್ಷವನ್ನು ಸುಮ್ಮನಾಗಿಸಲು ಇದಕ್ಕಿಂತ ಒಳ್ಳೆಯ ದಾರಿ ಯಾವ ಸರ್ಕಾರಕ್ಕೂ ಹೊಳೆದಿಲ್ಲ. ಪುಸ್ತಕ ಕೈಗೆ ಬಂದ ಮೂರನೇ ದಿನಕ್ಕೆ ನನ್ನ ಅನುಮಾನಗಳೆಲ್ಲ ಎಲ್ಲಿ ಹೋದವೋ ಗೊತ್ತಿಲ್ಲ. ನಾಲ್ಕನೇ ದಿನ ನಾನು ಕೆಂಪು ಮಸಿ, ನೀಲಿ ಮಸಿ, ಒಂದು ಸ್ಕೇಲು ತಂದೆ.

ಮೊದಲ ವರ್ಷ ಹಿಂದಿನ ಮನೆಗೆ ನೂರಾ ನಲವತ್ತು ರೂಪಾಯಿ ಬಾಡಿಗೆ ಬಂತು. ಆ ಬಾಡಿಗೆದಾರರಿಗೆ ಬೇರೆ ಊರಿಗೆ ವರ್ಗವಾಯಿತು. ಹೊಸಬರನ್ನು ಹುಡುಕಿಕೊಂಡು ಬಂದ ಬ್ರೋಕರ್ ಶಂಕ್ರಪ್ಪ ಬಾಗಿಲಲ್ಲಿ ನಿಂತು, "ಬಾಡಿಗೆ ಯಾಕಮ್ಮ, ಭೋಗ್ಯಕ್ಕೆ ಹಾಕ್ಬಿಡಿ" ಅಂದ. ನನ್ನ ಬದುಕಿನಲ್ಲಿ ಯಾವ ಶಬ್ದವೂ ನನ್ನನ್ನು ಹಾಗೆ ಹೊಡೆದಿರಲಿಲ್ಲ. ಭೋಗ್ಯವೆಂದರೆ ಗೊತ್ತಲ್ಲ, ಬಂದವರು ಒಂದೇ ಸಲ ಇಡಿಗಂಟು ಕೊಡುತ್ತಾರೆ. ಮೂರು ವರ್ಷ ಬಾಡಿಗೆಯಿಲ್ಲದೆ ಇರುತ್ತಾರೆ. ಹೊರಡುವ ದಿನ ಇಡಿಗಂಟನ್ನು ಹಾಗೇ ವಾಪಸ್ಸು ಪಡೆಯುತ್ತಾರೆ. ಅಂದರೆ ಬಡ್ಡಿಯಿಲ್ಲದ ಸಾಲ. ಯಾವ ಬ್ಯಾಂಕಿನ ಮೆಟ್ಟಿಲು ಹತ್ತಿದರೂ ಸಿಗದ ಸಾಲವನ್ನು ಜನ ಪಾತ್ರೆಪಗಡದ ಸಮೇತ ಗಾಡಿಯಲ್ಲಿ ಬಂದು ಕೊಟ್ಟು ಹೋಗುತ್ತಾರೆ. ಆ ಗಂಟಿನಲ್ಲಿ ಹಿಂದಿನ ಮನೆಯ ಮೇಲೆ ಒಂದು ರೂಮು ಕಟ್ಟಬಹುದು. ಮೂರು ವರ್ಷದ ಮೇಲೆ ಇನ್ನೊಬ್ಬರನ್ನು ಭೋಗ್ಯಕ್ಕೆ ಕರೆದು, ಅವರ ಗಂಟನ್ನು ಇವರಿಗೆ ಕೊಟ್ಟರೆ ರೂಮು ನಮಗೆ ಪುಕ್ಕಟೆ. ಅದೇ ಸೂತ್ರದಲ್ಲಿ ರೂಮಿನ ಮೇಲೆ ರೂಮು. ನನಗೆ ಅವತ್ತು ಊಟ ಸೇರಲಿಲ್ಲ. ಮರುದಿನ ಕಾಲೇಜಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಖಾಲಿ ಸೈಟುಗಳನ್ನು ಎಣಿಸಿದೆ. ಸಂಜಯನಗರದಲ್ಲಿ ಒಂದನ್ನು ಮನಸ್ಸಿನಲ್ಲೇ ಕೊಂಡು, ಎರಡು ಅಂತಸ್ತು ಎಬ್ಬಿಸಿ, ಕೆಳಗಡೆಯದನ್ನು ಭೋಗ್ಯಕ್ಕೆ ಹಾಕುವಷ್ಟರಲ್ಲಿ ನನ್ನ ಸ್ಟಾಪು ದಾಟಿಹೋಗಿತ್ತು.

ಹದಿನೈದು ಸಾವಿರಕ್ಕೆ ನರಸಿಂಹಯ್ಯನವರು ಬಂದರು. ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಗುಮಾಸ್ತರು. ಗಂಡ ಹೆಂಡತಿ ಇಬ್ಬರೇ. ಮಾತೆಂದರೆ ಅವರಿಗೆ ರೇಷನ್ ಸಕ್ಕರೆ. ದಿನಕ್ಕೆ ಎರಡು ಚಮಚೆಗಿಂತ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. ಛಾಪಾ ಕಾಗದದ ಮೇಲೆ ಸಹಿ ಬಿತ್ತು. ಮೇಲಿನ ರೂಮು ಎದ್ದಿತು. ಅದಕ್ಕೆ ನೂರಾ ಹತ್ತು ರೂಪಾಯಿ ಬಾಡಿಗೆ ಎಂದು ನಾನು ನೀಲಿ ಮಸಿಯಲ್ಲಿ ಬರೆದು ಅಡಿಗೆರೆ ಎಳೆದೆ. ಅವ್ವ ಜೋಳದ ಹಿಟ್ಟು ನಾದುತ್ತಿದ್ದಳು. ತಲೆಯೆತ್ತದೆ, "ನೂರಾ ನಾಲ್ವತ್ತು ಬಿಟ್ಟು ನೂರಾ ಹತ್ತು ಹಿಡಕೊಂಡ್ರ ಲಾಭ ಹೆಂಗಾತು ಅಂತ ನನಗೂ ಒಂಚೂರು ಹೇಳು" ಅಂದಳು. ನಾನು ಆಸ್ತಿಯ ವೃದ್ಧಿಗೂ ತಿಂಗಳ ವರಮಾನಕ್ಕೂ ಇರುವ ವ್ಯತ್ಯಾಸದ ಬಗ್ಗೆ ಇಪ್ಪತ್ತು ನಿಮಿಷ ಹೇಳಿದೆ. ಅವಳು ಹಿಟ್ಟು ನಾದಿದಳು. ಹಿಟ್ಟು ಬಹಳ ಮೆದುವಾಗಿತ್ತು.

ಮೇಲಿನ ರೂಮಿಗೆ ಹೋಗಲು ಮೆಟ್ಟಿಲು ಬೇಕಲ್ಲ. ರೂಮು ಮುಗಿಯುವ ಹೊತ್ತಿಗೆ ಕೈಯಲ್ಲಿದ್ದ ಹಣ ಕರಗಿತ್ತು, ಪರ್ಮಿಟ್ಟಿನ ಸಿಮೆಂಟೂ ತಳ ಕಂಡಿತ್ತು. ಹಿತ್ತಲ ಕಡೆಯಿಂದ ಮೆಟ್ಟಿಲು ಕಟ್ಟಿದರೆ ಎರಡು ಕಡೆ ಗೋಡೆ ಏಳಬೇಕು. ಪಕ್ಕದ ಓಣಿಯಿಂದ ಕಟ್ಟಿದರೆ ಒಂದು ಕಡೆ ಹಿಂದಿನ ಮನೆಯ ಗೋಡೆಯೇ ಇದೆ, ನಾನ್ನೂರು ರೂಪಾಯಿ ಉಳಿತಾಯ. ಓಣಿಯಿಂದಲೇ ಕಟ್ಟಿ ಎಂದು ನಾನು ತೀರ್ಪು ಕೊಟ್ಟೆ. ಮೆಟ್ಟಿಲ ಕೆಳಗೆ ಪೂರ್ತಿ ಇಟ್ಟಿಗೆ ತುಂಬಿಸದೆ ಒಂದು ಗೂಡು ಬಿಡಿಸಿದೆ, ಸೈಕಲ್ ಇಡುವವರಿಗೆ ತಿಂಗಳಿಗೆ ಎರಡು ರೂಪಾಯಿಗೆ ಕೊಡಬಹುದೆಂದು. ಹಿಂದಿನ ಮನೆಗೆ ಇದ್ದ ಒಂದೇ ಕಿಟಕಿ ಅದೇ ಗೋಡೆಯಲ್ಲಿತ್ತು ಎಂಬುದನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದೆ. ಆದರೆ ಪುಸ್ತಕದಲ್ಲಿ ಬೆಳಕಿಗೆ ಕಾಲಂ ಇರಲಿಲ್ಲ.

ಮೇಲಿನ ರೂಮಿಗೆ ಈರಣ್ಣ ಬಂದ. ರೋಣದವನು, ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಕೆಲಸ. ಅಲ್ಲಿ ಸಂಬಳ ಕೊಡುವುದನ್ನು ಹಬ್ಬದ ಹಾಗೆ ಅಪರೂಪಕ್ಕೆ ಆಚರಿಸುತ್ತಿದ್ದರು. ನಾನು ಬೇರೆ ಇಬ್ಬರನ್ನು ನೋಡಿಟ್ಟಿದ್ದೆ, ಆದರೆ ಈರಣ್ಣ ಬಾಯಿ ತೆರೆದು ಒಂದು ಮಾತಾಡಿದ್ದೇ ತಡ, ಅಪ್ಪ ಅವನ ಟ್ರಂಕಿನ ಒಂದು ಹಿಡಿ ಹಿಡಿದಿದ್ದ. ಐದನೇ ತಾರೀಖು ಬಂದರೆ ನಾನು ಅಪ್ಪನ ಮುಖ ನೋಡುವುದು, ಅಪ್ಪ ಸೂರು ನೋಡುವುದು. "ನಮ್ಮ ಕಡೀ ಹುಡುಗ, ಹೆಂಗ ಕೇಳೂದು?" ಎಂಬುದು ಅವನ ಪ್ರಶ್ನೆ. ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಬಾಡಿಗೆ ಕೊಡಲಾಗದವನು ಊಟ ಏನು ಮಾಡುತ್ತಾನೋ ಎಂದು ರೊಟ್ಟಿ, ಬದನೆಕಾಯಿ ಪಲ್ಯ ಮೇಲಕ್ಕೆ ಕಳಿಸುತ್ತಿದ್ದಳು. ಹೀಗೆ ಬಾಡಿಗೆ ಕೆಳಗೆ ಇಳಿಯಬೇಕಾದ ಮೆಟ್ಟಿಲಲ್ಲಿ ರೊಟ್ಟಿ ಮೇಲೆ ಹತ್ತತೊಡಗಿತು. ನಾನು ಇದನ್ನು ಪುಸ್ತಕದಲ್ಲಿ 'ಇತರೆ' ಎಂಬ ಶೀರ್ಷಿಕೆಯಡಿ ಬರೆದೆ. ಪಂಪಿನ ರಿಪೇರಿ, ಕಂದಾಯ, ಸುಣ್ಣ ಎಲ್ಲವೂ ಸೇರಿ 'ಇತರೆ'ಯೇ ಪುಸ್ತಕದ ಮುಖ್ಯ ಪಾತ್ರವಾಯಿತು. ಆದರೂ ನನ್ನ ಉತ್ಸಾಹ ಒಂದು ಪೈಸೆಯಷ್ಟೂ ಇಳಿಯಲಿಲ್ಲ. ಮೂರು ವರ್ಷ ಮುಗಿಯಲಿ, ಹೊಸ ಭೋಗ್ಯ ಬರಲಿ, ಆಗ ನೋಡಿ.

ಮೂರು ವರ್ಷ ಮುಗಿಯುತ್ತ ಬಂತು. ಒಂದು ಭಾನುವಾರ ನರಸಿಂಹಯ್ಯನವರು ಬಾಗಿಲಿಗೆ ಬಂದು, ಅಲ್ಲಾಳಸಂದ್ರದಲ್ಲಿ ಸೈಟು ಆಗಿದೆ, ಗೋಡೆ ಎದ್ದಿದೆ, ತಾರಸಿ ಹಾಕಬೇಕು, ಕರಾರಿನ ಪ್ರಕಾರ ಮೂರು ತಿಂಗಳಿಗೆ ದುಡ್ಡು ಬೇಕು ಎಂದರು. ಅವರ ಒಂದು ವಾರದ ಮಾತು ಖರ್ಚಾಯಿತು. ನಾನು ಹಿಗ್ಗಿದೆ. ಶಂಕ್ರಪ್ಪನನ್ನು ಕರೆಸಿ ಈ ಸಲ ಹದಿನೆಂಟು ಹೇಳು ಎಂದೆ. ಜನ ಬಂದರು. ಒಳಗೆ ಕಾಲಿಟ್ಟವರೆಲ್ಲ ಮೊದಲು ಗೋಡೆ ತಡವಿ ಸ್ವಿಚ್ಚು ಹುಡುಕುತ್ತಿದ್ದರು. ದೀಪ ಹಾಕಿದ ಮೇಲೆ ಕಿಟಕಿಯ ಬಾಗಿಲು ತೆರೆಯುತ್ತಿದ್ದರು. ಕಿಟಕಿಯಾಚೆ ನನ್ನ ಮೆಟ್ಟಿಲ ಇಟ್ಟಿಗೆಗಳು, ನಡುವೆ ಸೈಕಲ್ ಗೂಡು. ಒಬ್ಬಾಕೆ ಅಲ್ಲಿ ಕೈ ಹಾಕಿ ನೋಡಿ, "ಇದು ಬೀರೂನಾ?" ಎಂದು ಕೇಳಿದರು. ಬಿಸಿಲು ಬೀಳದಿದ್ದರೆ ಮನೆ ತಂಪಾಗಿರುತ್ತದೆ, ಕಣ್ಣಿಗೆ ಒಳ್ಳೆಯದು, ಸಾಮಾನಿನ ಬಣ್ಣ ಮಾಸುವುದಿಲ್ಲ, ಹೊರಗಿನವರ ದೃಷ್ಟಿ ಬೀಳುವುದಿಲ್ಲ ಎಂದು ನಾನು ಬಂದವರಿಗೆಲ್ಲ ವಿವರಿಸಿದೆ. ನನ್ನ ವಿವರಣೆ ಮುಗಿಯುವ ಮೊದಲೇ ಅವರು ಬೆಳಕಿಗೆ ಹೋಗಿ ನಿಂತಿರುತ್ತಿದ್ದರು. ಎಂಟು ಸಾವಿರಕ್ಕಿಂತ ಮೇಲೆ ಯಾರೂ ಹೇಳಲಿಲ್ಲ. ನಾನ್ನೂರು ಉಳಿಸಿ ಏಳು ಸಾವಿರ ಕಳೆದಿದ್ದೆ.

ಆಗ ನನ್ನ ಕೊನೆಯ ಭರವಸೆ ನರಸಿಂಹಯ್ಯನವರ ಮನಸ್ಸನ್ನು ತಿರುಗಿಸುವುದು. ಆರು ಅಂಶಗಳನ್ನು ಸಿದ್ಧ ಮಾಡಿಕೊಂಡು ಹೋದೆ. ಸಿಮೆಂಟ್ ಬೆಲೆ ಇಳಿಯುವ ಸೂಚನೆಯಿದೆ. ಅಲ್ಲಾಳಸಂದ್ರಕ್ಕೆ ಬಸ್ಸು ಕಡಿಮೆ. ಅಲ್ಲಿಂದ ಗೂಡ್ಸ್ ಷೆಡ್ಡಿಗೆ ಎರಡು ಬಸ್ಸು ಬದಲಿಸಬೇಕು. ಕೆರೆಯ ಪಕ್ಕ ಸೊಳ್ಳೆ. ಹೊಸ ಮನೆಗೆ ನೀರು ಯಾವಾಗ ಬರುತ್ತದೋ. ಇಲ್ಲಿ ಇನ್ನೊಂದು ವರ್ಷ ಇದ್ದರೆ ಈ ಎಲ್ಲ ತೊಂದರೆ ತಾನಾಗಿ ಬಗೆಹರಿಯುತ್ತದೆ. ಅವರು ಒಂದು ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಎದುರಿಗೆ ನಿಂತು, ಆರೂ ಅಂಶಗಳನ್ನು ಗಮನವಿಟ್ಟು ಕೇಳಿದರು.

"ನೀವು ಹೇಳೋದೆಲ್ಲ ಸರಿಯಮ್ಮ. ದುಡ್ಡು ಯಾವತ್ತು ಕೊಡ್ತೀರ?"

ನಾನು ಎರಡನೆಯ ಅಂಶವನ್ನು ಇನ್ನಷ್ಟು ವಿಸ್ತರಿಸಿದೆ. ಅವರು ಇನ್ನೊಮ್ಮೆ ಸರಿ ಅಂದರು, ಇನ್ನೊಮ್ಮೆ ತಾರೀಖು ಕೇಳಿದರು. ಎದುರಾಳಿ ಎಲ್ಲವನ್ನೂ ಒಪ್ಪಿಕೊಂಡರೆ ಏನು ಮಾಡಬೇಕೆಂದು ನಮಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಶಂಕ್ರಪ್ಪನಿಗೆ ಒಂದು ಉಪಾಯ ಹೊಳೆಯಿತು. ಮುಂದಿನ ಮನೆಯನ್ನು ಭೋಗ್ಯಕ್ಕೆ ಹಾಕಿ, ಇಪ್ಪತ್ತು ಸಾವಿರಕ್ಕೆ ನಾಳೆಯೇ ಪಾರ್ಟಿ ಕರೆತರುತ್ತೇನೆ, ನೀವು ಹಿಂದಿನ ಮನೆಗೆ ಹೋಗಿಬಿಡಿ ಅಂದ. ನನ್ನ ಕಣ್ಣು ಮತ್ತೆ ಹೊಳೆಯಿತು. ಹದಿನೈದು ನರಸಿಂಹಯ್ಯನವರಿಗೆ, ಉಳಿದ ಐದರಲ್ಲಿ ಮುಂದಿನ ಮನೆಯ ಮೇಲೊಂದು ರೂಮಿನ ಪಾಯ. ಮೂರೇ ಮೂರು ವರ್ಷ. ಅಪ್ಪ ಗೋಡೆಗೆ ಒರಗಿ, ತಾನೇ ಕೂಡಿಸಿದ್ದ ಮುಂಬಾಗಿಲ ಬೋಲ್ಟನ್ನು ಹಾಕುತ್ತ ತೆಗೆಯುತ್ತ ನಿಂತ. ನಾನು ಅವ್ವನ ಮುಂದೆ ಲೆಕ್ಕದ ಪುಸ್ತಕ ಹರಡಿ, ಮನೆ ಎಂಬುದು ಭಾವನೆಯಲ್ಲ, ಬಂಡವಾಳ ಎಂದು ಶುರು ಮಾಡಿದೆ. ಅಡುಗೆಮನೆಯ ಕಿಟಕಿ ಅವಳ ಹಿಂದೆ ತೆರೆದಿತ್ತು. ರಸ್ತೆಯಲ್ಲಿ ಸೊಪ್ಪಿನವಳು ಕೂಗಿ ಹೋದಳು. ಅವ್ವ ಆ ಕಡೆ ತಿರುಗಿ ಸೊಪ್ಪು ಬೇಡವೆಂದು ಕೈಯಾಡಿಸಿ, ಮತ್ತೆ ನನ್ನ ಕಡೆ ತಿರುಗಿ, "ನಾಳೆ ಹೇಳ್ತೀನಿ" ಅಂದಳು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಅವ್ವ ಮೊರದ ತುಂಬ ರೇಷನ್ ಅಕ್ಕಿ ಹಾಕಿಕೊಂಡು ಹಿಂದಿನ ಮನೆಗೆ ಹೋದಳು. ನರಸಿಂಹಯ್ಯನವರ ಹೆಂಡತಿ ದೀಪ ಹಾಕಲು ಹೋದರೆ ಬೇಡವೆಂದು, ಕಿಟಕಿಯ ಪಕ್ಕ ಗೋಡೆಗೊರಗಿ ಕೂತು ಒಂದು ಗಂಟೆ ಅಕ್ಕಿ ಆರಿಸಿದಳಂತೆ. ಇದು ನಮಗೆ ಆಮೇಲೆ ಗೊತ್ತಾದದ್ದು. ಮಧ್ಯಾಹ್ನ ಊಟಕ್ಕೆ ಕೂತೆವು. ಮೊದಲ ತುತ್ತಿಗೇ ನನ್ನ ಬಾಯಲ್ಲಿ ಕಟುಂ ಎಂದಿತು. ಅಪ್ಪನ ಬಾಯಲ್ಲಿ ಕಟುಂ ಎಂದಿತು. ಎರಡನೆಯ ತುತ್ತಿಗೂ ಅದೇ. ತಟ್ಟೆಯ ಅಂಚಿನಲ್ಲಿ ಕಲ್ಲುಗಳ ಒಂದು ಸಣ್ಣ ಸಾಲು ಬೆಳೆಯಿತು. ಅಪ್ಪ ನಾಲಿಗೆಯಿಂದ ಹಲ್ಲು ಎಣಿಸಿಕೊಳ್ಳುತ್ತಿದ್ದ.

"ಇವತ್ತ ಅಕ್ಕಿ ಹಿಂದಿನ ಮನಿಯಾಗ ಆರಿಸೇನಿ" ಎಂದು ಅವ್ವ ಸಾರು ಬಡಿಸಿದಳು. "ಮೂರು ವರ್ಷ ಹಿಂಗ ಉಣ್ಣಾಕ ತಯಾರ ಅದೀರೇನು?"

ನಾನು ಬಾಯಿ ತೆರೆದೆ, ಆದರೆ ಅದರಲ್ಲಿ ಕಲ್ಲಿತ್ತು. ಒಂದು ಮೊರ ಅಕ್ಕಿಯ ವಿರುದ್ಧ ಯಾವ ಅಂಕಿಅಂಶ ತಂದರೂ ನಿಲ್ಲುವುದಿಲ್ಲ. ಅವ್ವನ ಮುಂದಿನ ಮಾತು ಸರಳವಾಗಿತ್ತು. ಯಾರೇ ಇರಲಿ, ಆ ಮನೆಯಲ್ಲಿ ಇರಬೇಕಾದರೆ ಮೊದಲು ಆ ಮೆಟ್ಟಿಲು ಅಲ್ಲಿಂದ ಏಳಬೇಕು. ಹಿತ್ತಲ ಕಡೆಗೆ ಹೋಗಬೇಕು. ಕಿಟಕಿ ತೆರೆದ ಮೇಲೂ ಹದಿನೈದಕ್ಕೆ ಜನ ಬಾರದಿದ್ದರೆ ಆಗ ಅವಳೇ ಪಾತ್ರೆ ಕಟ್ಟುತ್ತಾಳೆ. ಬೀದಿಯ ಹೆಂಗಸರ ಜೊತೆ ಹಾಕಿದ್ದ ಚೀಟಿಯನ್ನು ಅವಳು ಆ ವಾರವೇ ಕೂಗಿ ಎತ್ತಿ, ಹದಿಮೂರು ನೂರು ರೂಪಾಯಿ ನನ್ನ ಪುಸ್ತಕದ ಮೇಲಿಟ್ಟಳು. ಇದು 'ಇತರೆ' ಅಲ್ಲ, ಸಾಲ ಎಂದು ಬರೆಸಿದಳು. ಕೆಂಪು ಮಸಿಯಲ್ಲಿ.

ಗಾರೆ ಕೆಲಸದವರನ್ನು ಹುಡುಕುವ ಕಷ್ಟ ಬರಲಿಲ್ಲ. ವಿಷಯ ಕೇಳಿದ ನರಸಿಂಹಯ್ಯನವರು ತಮ್ಮ ಅಲ್ಲಾಳಸಂದ್ರದ ಮೇಸ್ತ್ರಿಯನ್ನೇ ಕರೆತಂದರು. ಹಿತ್ತಲಲ್ಲಿ ಹೊಸ ಮೆಟ್ಟಿಲು ಮೊದಲು ಎದ್ದಿತು. ಆಮೇಲೆ ಹಳೆಯದನ್ನು ಒಡೆದರು. ಕಲ್ಲು ಚಪ್ಪಡಿಗಳು ಒಂದೊಂದಾಗಿ ಇಳಿದವು, ಯಾವತ್ತೂ ಬಾಡಿಗೆಗೆ ಹೋಗದ ನನ್ನ ಸೈಕಲ್ ಗೂಡು ಕುಸಿಯಿತು, ಕೊನೆಯ ವರಸೆ ಇಟ್ಟಿಗೆ ತೆಗೆದದ್ದೇ ಬಿಸಿಲು ಕಿಟಕಿಯೊಳಗೆ ನುಗ್ಗಿ ಎದುರು ಗೋಡೆಯ ತನಕ ಹೋಯಿತು. ನಾನು ನರಸಿಂಹಯ್ಯನವರ ಪಕ್ಕದಲ್ಲಿ ನಿಂತಿದ್ದೆ. ಒಳಗೆ ಅವರ ಹೆಂಡತಿ ಗೋಡೆಯ ಮೇಲಿದ್ದ ಒಂದು ದೇವರ ಪಟವನ್ನು ಮೊದಲ ಸಲ ನೋಡುವವರ ಹಾಗೆ ಒರೆಸುತ್ತಿದ್ದರು. ಮೂರು ವರ್ಷ ಹಗಲೂ ದೀಪ ಹಾಕಿಕೊಂಡು ಬದುಕಿದ ಈ ಮನುಷ್ಯರು ಒಂದು ದಿನವೂ ತಕರಾರು ತೆಗೆಯಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ.

"ಮೆಟ್ಲು ಕಟ್ಟೋಕೆ ಶುರು ಮಾಡಿದ ದಿನಾನೇ ಹೇಳಣಾಂತ ಬಂದಿದ್ದೆ ಕಣಮ್ಮ" ಎಂದರು ಅವರು. "ನೀವು ಅದ್ರಿಂದ ನಮಗೇನೇನ್ ಅನುಕೂಲ ಅಂತ ಹೇಳ್ತಾ ಇದ್ರಿ. ಮುಗೀಲಿ ಅಂತ ಕಾದೆ. ಆಮೇಲೆ ಡ್ಯೂಟಿಗೆ ಹೊತ್ತಾಗೋಯ್ತು."

ಅವರ ದನಿಯಲ್ಲಿ ಚೂರೂ ಮೊನಚಿರಲಿಲ್ಲ. ಅದೇ ತೊಂದರೆ. ಮೊನಚಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಮುಂದಿನ ಭಾನುವಾರ ಶಂಕ್ರಪ್ಪ ಒಬ್ಬರನ್ನು ಕರೆತಂದ. ಹೆಬ್ಬಾಳದ ಕಡೆ ಆಫೀಸು, ಜೊತೆಗೆ ತಾಯಿ. ನಾನು ಒಳಗೆ ಕರೆದೊಯ್ದೆ, ಕಿಟಕಿ ತೆರೆದೆ, ಪಕ್ಕಕ್ಕೆ ನಿಂತೆ. ಗಾಳಿ ಬೆಳಕಿನ ಬಗ್ಗೆ ನಾಲ್ಕು, ನೀರಿನ ಬಗ್ಗೆ ಎರಡು, ನೆರೆಹೊರೆಯ ಬಗ್ಗೆ ಮೂರು ಅಂಶಗಳು ಗಂಟಲಿಗೆ ಬಂದು ಸಾಲಾಗಿ ನಿಂತವು. ಒಂದೊಂದನ್ನೂ ನುಂಗಿದೆ. ನರಸಿಂಹಯ್ಯನವರು ಓಣಿಯಲ್ಲಿ ನಿಂತು ತಮ್ಮ ತಾರಸಿಯ ಭವಿಷ್ಯವನ್ನು ನೋಡುತ್ತಿದ್ದರು. ತಾಯಿ ಕಿಟಕಿಯ ಬಳಿ ಕೂತು ನೋಡಿ ತಲೆದೂಗಿದರು. ಆತ ಹದಿನೈದು ಅಂದರು. ಸಂತೋಷಕ್ಕೆ ನನ್ನ ಮಾತು ಹೊರಬೀಳುವುದರಲ್ಲಿತ್ತು, ತುಟಿ ಬಿಗಿ ಹಿಡಿದೆ. ಆತ ನನ್ನ ಮುಖ ನೋಡಿದರು, ಶಂಕ್ರಪ್ಪನ ಮುಖ ನೋಡಿದರು, ಹದಿನೈದೂವರೆ ಅಂದರು. ನಾನು ನೆಲ ನೋಡಿದೆ.

"ಹದಿನಾರು. ಅದ್ರ ಮೇಲೆ ನನ್ನ ಕೈಲಾಗಲ್ಲ ಕಣ್ರೀ" ಎಂದು ಆತ ಬೆವರು ಒರೆಸಿಕೊಂಡರು.

ಅವ್ವ ಬಾಗಿಲಿನಿಂದ ಒಳಗೆ ಬಂದು ನನ್ನ ಹಣೆ ಮುಟ್ಟಿ ನೋಡಿ, "ಮೈಯಾಗ ಆರಾಮ ಇಲ್ಲೇನು ತಂಗಿ?" ಎಂದು ಕಳವಳದಿಂದ ಕೇಳಿದಳು.

ಹದಿನೈದು ನರಸಿಂಹಯ್ಯನವರ ಕೈ ಸೇರಿತು. ಅಲ್ಲಾಳಸಂದ್ರದಲ್ಲಿ ತಾರಸಿ ಬಿತ್ತು. ಒಂದು ಸಾವಿರ ಅವ್ವನ ಸಾಲಕ್ಕೆ ಹೋಯಿತು, ಉಳಿದ ಮುನ್ನೂರನ್ನು ಅವಳು ಪ್ರತಿ ತಿಂಗಳೂ ಐದನೇ ತಾರೀಖು ಕೇಳುತ್ತಾಳೆ, ಈರಣ್ಣನನ್ನು ಒಮ್ಮೆಯೂ ಕೇಳದ ಗಟ್ಟಿ ದನಿಯಲ್ಲಿ. ಮುಂದಿನ ಮನೆ, ಅದರ ಅಡುಗೆಮನೆ, ಅದರ ಕಿಟಕಿ ಅವಳದಾಗಿಯೇ ಉಳಿದಿವೆ. ನನ್ನ ಮಟ್ಟಿಗೆ, ಎಂಟು ವರ್ಷದ ಭಾಷಣಗಳಿಂದ ನಾನು ಗಳಿಸಿದ್ದು ಬರಿ ಲೋಟ. ಬಾಯಿ ಮುಚ್ಚಿಕೊಂಡ ಐದೇ ನಿಮಿಷಕ್ಕೆ ಒಂದು ಸಾವಿರ ರೂಪಾಯಿ ನಗದು. ಆ ಮೌನ ಗಾಬರಿಯಿಂದ ಹುಟ್ಟಿದ್ದಲ್ಲ, ನಾನು ಮೊದಲೇ ಯೋಚಿಸಿ ಹೂಡಿದ ತಂತ್ರ ಎಂಬುದನ್ನು ಅಪ್ಪನಿಗೆ ಮನದಟ್ಟು ಮಾಡಲು ಅವತ್ತು ಸಂಜೆ ನನಗೆ ಒಂದೂಕಾಲು ಗಂಟೆ ಹಿಡಿಯಿತು.